ಬಬ್ಬೂರಿನ ಗುಲಾಬಿ ವರ್ತಮಾನ

ವಾಚಕ ಮಹಾಶಯರಲ್ಲೊಬ್ಬರು ಕಳೆದ ತಿಂಗಳು ನಮಗೆ ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ರಾಗಿಗೂ ಶೇಂಗಾಕ್ಕೂ ಮಳೆ ಸಾಲದ ಹಿರಿಯೂರು ಸೀಮೆಯಲ್ಲಿ ಕುಳಿತು ಗುಲಾಬಿಯ ಸಮಾಚಾರವನ್ನು ತಿಂಗಳು ತಿಂಗಳೂ ಬರೆಯುತ್ತಿರುವಿರಲ್ಲ, ಸಂಸಾರಿಯಾದವನಿಗೆ ಇದರಿಂದ ಒದಗತಕ್ಕ ಪ್ರಯೋಜನವೇನು ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಕಾಗದದ ಭಾಷೆ ಸ್ವಲ್ಪ ಖಾರವಾಗಿದ್ದರೂ ಪ್ರಶ್ನೆ ನ್ಯಾಯವಾದುದೇ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠಶಾಲೆಯಲ್ಲಿ ಪ್ರಶ್ನೆ ಕೇಳುತ್ತಲೇ ಬಂದ ನಾವು ಈಗ ಉತ್ತರ ಹೇಳುವ ಬೆಂಚಿನ ಮೇಲೆ ನಿಲ್ಲಬೇಕಾಗಿ ಬಂದುದು ಕಾಲಮಹಿಮೆಯೆನ್ನಬೇಕು. ತರ್ಕದ ಕ್ರಮದಿಂದ ಉತ್ತರ ಹೇಳುವುದಕ್ಕಿಂತ, ನಮ್ಮ ಊರಿನ ನಾಲ್ಕಾರು ಹಿತ್ತಿಲುಗಳಲ್ಲಿ ವರ್ಷದ ಉದ್ದಕ್ಕೂ ಗುಲಾಬಿಯ ನೆಪದಿಂದ ನಡೆಯತಕ್ಕ ಕೊಡುಕೊಳೆಯನ್ನೂ, ಅದರ ನಡುವೆ ನಮಗೇ ಆದ ಒಂದು ಮಾನಭಂಗವನ್ನೂ ಮುಚ್ಚುಮರೆಯಿಲ್ಲದೆ ಬರೆದುಬಿಡುವುದು ಮೇಲೆಂದು ತೋರಿತು.

ಮೊದಲು ಊರಿನ ವಿಷಯ. ಬಬ್ಬೂರು ಹಿರಿಯೂರಿಗೆ ಸಮೀಪದ ಗ್ರಾಮ. ವೇದಾವತೀ ನದಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ ವಾಣೀವಿಲಾಸ ಸಾಗರದ ಕಾಲುವೆಯ ನೀರು ಈ ಕಡೆಯ ಭೂಮಿಯನ್ನು ಮುಟ್ಟುವುದು. ಆ ಕಟ್ಟೆಯ ಕೆಲಸವು 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತು. ಮೈಸೂರಿನಲ್ಲಿ ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ನಿಂತಿತು. ಊರಿನ ಹೆಸರನ್ನು ರೈತರೆಲ್ಲರೂ ಬಲ್ಲಂತೆ ಮಾಡಿರುವುದು ಇಲ್ಲಿಯ ಸಂಶೋಧನಾ ಕ್ಷೇತ್ರ. ಈಗ ಶಿವಮೊಗ್ಗೆಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ಅದನ್ನು ಜನರು ಇಂದಿಗೂ ಬಬ್ಬೂರು ಫಾರಂ ಎಂದೇ ಕರೆಯುವರು. ಇನ್ನು ಬಬ್ಬೂರುಕಮ್ಮೆಯವರೆಂದು ಹೇಳಿಕೊಳ್ಳುವ ಮನೆತನಗಳು ನಾಡಿನ ಎಲ್ಲ ಪಟ್ಟಣಗಳಲ್ಲಿಯೂ ಉಂಟು. ಆ ಹೆಸರು ಈ ಊರಿನಿಂದಲೇ ಬಂದಿತೆಂದು ಹೇಳುವರು. ಅವರಲ್ಲಿ ಬಬ್ಬೂರನ್ನು ಕಣ್ಣಿನಿಂದ ಕಂಡವರು ಕಡಮೆ. ಹೆಸರನ್ನು ಮಾತ್ರ ತಲೆಮಾರುಗಳಿಂದ ಹೊತ್ತು ನಡೆಯುತ್ತಿರುವರು.

ಗುಲಾಬಿಗೂ ಇಂಥ ಕಥೆಯೇ ಉಂಟು. ನಮ್ಮ ಕಡೆ ಎಡ್ವರ್ಡ್ ಗುಲಾಬಿಯೆಂದು ಕರೆಯಿಸಿಕೊಳ್ಳುವ ಹೂವು ಬೂರ್ಬನ್ ಎಂಬ ಕುಲಕ್ಕೆ ಸೇರಿದ್ದು. ಹಿಂದೂ ಮಹಾಸಾಗರದಲ್ಲಿ ಫ್ರೆಂಚರಿಗೆ ಸೇರಿದ ಒಂದು ದ್ವೀಪದಲ್ಲಿ, ಬೇಲಿಗಾಗಿ ಒಟ್ಟಿಗೆ ನೆಟ್ಟಿದ್ದ ಚೀನಾದ ಗುಲಾಬಿಯೂ ಡಮಾಸ್ಕಸ್ ಗುಲಾಬಿಯೂ ತಾವಾಗಿಯೇ ಬೆರೆತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಕುಲ ಹುಟ್ಟಿತು. ದ್ವೀಪಕ್ಕೆ ಆಗ ಇದ್ದ ಬೂರ್ಬನ್ ಎಂಬ ಹೆಸರು 1848ರಲ್ಲಿ ಹೋಗಿ ರೆಯೂನಿಯನ್ ಎಂಬ ಹೆಸರು ನೆಲೆಯಾಯಿತು. ದ್ವೀಪವು ಬಿಟ್ಟುಕೊಟ್ಟ ಹೆಸರನ್ನು ಹೂವು ಬಿಡಲಿಲ್ಲ.

ನಮ್ಮ ಭೂಮಿ ಗುಲಾಬಿಗೆ ಒಲಿದುದಲ್ಲ. ಇದು ಎರೆಮಣ್ಣು, ಒಳಗೆ ಸುಣ್ಣದ ಹರಳು. ಮಳೆ ಬಂದರೆ ಕಾಲಿಗೆ ಅಂಟುವುದು, ಬಿಸಿಲು ಬಂದರೆ ಮೊಳದುದ್ದ ಬಿರಿಯುವುದು. ಗುಲಾಬಿಗೆ ಬೇಕಾದುದು ಸ್ವಲ್ಪ ಹುಳಿಗುಣವುಳ್ಳ, ನೀರು ನಿಲ್ಲದ ನೆಲ. ಎರೆಯಲ್ಲಿ ನೆಟ್ಟ ಗಿಡದ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುವುದನ್ನು ಅನೇಕರು ಕಂಡು ರೋಗವೆಂದು ಗಾಬರಿಗೊಳ್ಳುವರು. ಅದು ಕಬ್ಬಿಣದ ಕೊರತೆ. ನೆಲದಲ್ಲಿ ಕಬ್ಬಿಣವಿಲ್ಲವೆಂದಲ್ಲ, ಸುಣ್ಣದ ದೆಸೆಯಿಂದ ಬೇರಿಗೆ ಅದು ಎಟುಕದು. ಇದಕ್ಕೆ ಗುಂಡಿಯನ್ನು ಎರಡಡಿ ತೋಡಿ ಕೆಮ್ಮಣ್ಣನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ತುಂಬುವುದು ಮುಖ್ಯವಾದ ಉಪಾಯ. ತಾತ್ಕಾಲಿಕವಾಗಿ ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ನಾಲ್ಕು ಹನಿ ನಿಂಬೆಯ ರಸವನ್ನು ಹಿಂಡಿ, ಸಂಜೆಯ ಹೊತ್ತು ಎಲೆಗಳ ಮೇಲೆ ಚಿಮುಕಿಸಬಹುದು.

ಇಂಥ ನೆಲದಲ್ಲಿ ಗುಲಾಬಿಯ ಹುಚ್ಚು ಹಿಡಿದವರು ನಮ್ಮ ಬೀದಿಯಲ್ಲಿ ಐದಾರು ಮನೆಯವರು. ಅಂಚೆಯ ಕೆಲಸದಿಂದ ನಿವೃತ್ತರಾದ ರಾಯರು, ಕಾಲುವೆಯ ಕೆಳಗೆ ತೆಂಗಿನ ತೋಟವುಳ್ಳ ಗೌಡರು, ಹೊಲಿಗೆಯ ಯಂತ್ರವನ್ನು ಜಗಲಿಯ ಮೇಲಿಟ್ಟುಕೊಂಡ ದರ್ಜಿ ಸಾಹೇಬರು, ಅಂಗನವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ, ಬೀದಿಯ ಕೊನೆಯ ಮನೆಯ ಹೂ ಕಟ್ಟುವ ಅಜ್ಜಿ, ಆರನೆಯವರು ನಾವು. ಬೆಳಿಗ್ಗೆ ಹಾಲಿಗೆ ಹೋಗುವಾಗ ಒಬ್ಬರ ಬೇಲಿಯ ಬಳಿ ಇನ್ನೊಬ್ಬರು ನಿಲ್ಲುವುದು, ಯಾವ ಗಿಡ ಮೊಗ್ಗು ಹಿಡಿಯಿತು, ಯಾವುದಕ್ಕೆ ಹುಳು ಬಿದ್ದಿತು ಎಂದು ಕೇಳುವುದು, ಆಮೇಲೆ ಮಗಳ ಹೆರಿಗೆ, ಸೊಸೆಯ ಜ್ವರ, ಸೊಸೈಟಿಯ ಸಾಲ ಇವುಗಳ ಮಾತು. ಈ ಕ್ರಮ ಎಂದೂ ಹಿಂದುಮುಂದಾದುದನ್ನು ನಾವು ಕಾಣೆವು.

ಕಾಳಿದಾಸನು ತನ್ನ ಋತುಸಂಹಾರವನ್ನು ಗ್ರೀಷ್ಮದಿಂದ ಮೊದಲುಮಾಡಿ ವಸಂತದಲ್ಲಿ ಮುಗಿಸಿರುವನು. ನಾವೂ ಆ ಕ್ರಮವನ್ನೇ ಹಿಡಿಯುವೆವು.

ಗ್ರೀಷ್ಮದಲ್ಲಿ ಗುಲಾಬಿಯ ವರ್ತಮಾನವೆಂದರೆ ನೀರಿನ ವರ್ತಮಾನ. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ನುಸಿ ಬಲೆ ಕಟ್ಟುವುದೂ ಈ ಕಾಲದಲ್ಲೇ. ಬೆಳಗಿನ ಹೊತ್ತು ಎಲೆಯ ಅಡಿಗೆ ನೀರನ್ನು ರಭಸವಾಗಿ ಎರಚಿದರೆ ಅದು ಬಹುಮಟ್ಟಿಗೆ ಅಡಗುವುದು. ಆದರೆ ಎರಚಲು ನೀರು ಬೇಕಲ್ಲ. ಬುಡಕ್ಕೆ ಒಣ ಹುಲ್ಲನ್ನೋ ಶೇಂಗಾದ ಸಿಪ್ಪೆಯನ್ನೋ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿ ತೇವವನ್ನು ಕಾಪಾಡುವುದು, ಹೂವಿನ ಆಸೆಯನ್ನು ಬಿಟ್ಟು ಮೊಗ್ಗುಗಳನ್ನು ಚಿವುಟಿ ಗಿಡದ ಜೀವವನ್ನು ಉಳಿಸುವುದು, ಇಷ್ಟೇ ಈ ಋತುವಿನ ಧರ್ಮ.

2017ರ ಗ್ರೀಷ್ಮವನ್ನು ನಮ್ಮ ಸೀಮೆಯವರು ಮರೆಯಲಾರರು. ಮಳೆ ಮೇಲಿಂದ ಮೇಲೆ ಕೈಕೊಟ್ಟು ಸಾಗರದ ನೀರು ತಳಕ್ಕೆ ಇಳಿದಿತ್ತು. ಕಾಲುವೆಯಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಕೊಳವೆಬಾವಿಗಳು ಒಂದೊಂದಾಗಿ ಗಾಳಿ ಉಗುಳಿದವು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬಂದಿತು. ನಮ್ಮ ಮನೆಯವರು ಹಿತ್ತಿಲ ಬಾಗಿಲಲ್ಲಿ ನಿಂತು, ಟ್ಯಾಂಕರಿನ ನೀರು ಹೂವಿಗೆ ಮುಟ್ಟಕೂಡದೆಂದೂ, ಮೊದಲು ಮನುಷ್ಯರಿಗೆ, ಆಮೇಲೆ ಹಸುವಿಗೆ, ಆಮೇಲೆ ತುಲಸಿಗೆ ಎಂದೂ ಅಪ್ಪಣೆ ಮಾಡಿದರು. ಅಪ್ಪಣೆ ಧರ್ಮ್ಯವಾದುದು, ನಾವು ತಲೆಬಾಗಿದೆವು. ಸ್ನಾನದ ನೀರಿನಲ್ಲಿ ಹಿತ್ತಿಲ ಒಂದೇ ತೆಂಗಿಗೆ ಪಾಲು ಹೋಗಿ, ಗುಲಾಬಿಗಳಿಗೆ ದಕ್ಕಿದುದು ಚೊಂಬುಗಳ ಲೆಕ್ಕ.

ನಮ್ಮ ಹಿತ್ತಿಲಲ್ಲಿ ಒಂದು ಪನ್ನೀರು ಗುಲಾಬಿಯಿತ್ತು. ನಮ್ಮ ತಾಯಿಯವರು ಹೊಸದುರ್ಗದ ಕಡೆಯ ತಮ್ಮ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ಈಗಿನ ಕಸಿಯ ಗುಲಾಬಿಗಳಂತೆ ದೊಡ್ಡ ಹೂವಲ್ಲ, ಎರಡು ದಿನ ನಿಲ್ಲುವ ಬಾಳೂ ಅದಕ್ಕಿಲ್ಲ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಎಸಳು ಉದುರಿಸುವುದು. ಆದರೆ ಅರಳಿದ ದಿವಸ ಅಡಿಗೆಯ ಮನೆಯವರೆಗೂ ಅದರ ಸುವಾಸನೆ. ಗುಲಾಬಿಯನ್ನು ಪರದೇಶದ ಹೂವೆಂದು ಹೇಳುವವರುಂಟು. ಹೆಸರೇನೋ ಪಾರಸಿಯದೇ, ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಆದರೆ ನಮ್ಮ ಭಾವಪ್ರಕಾಶ ನಿಘಂಟು ಶತಪತ್ರೀ, ತರುಣೀ ಎಂಬ ಹೆಸರುಗಳಿಂದ ಹೇಳುವುದು ಇದನ್ನೇ ಎಂದು ವೈದ್ಯರು ಅರ್ಥ ಮಾಡುವರು.

ಆ ಗಿಡದ ಕಡ್ಡಿಯನ್ನು ಹೂ ಕಟ್ಟುವ ಅಜ್ಜಿ ಹಿಂದೊಮ್ಮೆ ಶ್ರಾವಣದಲ್ಲಿ ನಮ್ಮನ್ನು ಕೇಳಿದ್ದಳು. ಗಿಡ ಮುದಿಯಾಗಿದೆ, ಕಡಿದರೆ ಸೊರಗುವುದು, ಬರುವ ವರ್ಷ ನೋಡೋಣವೆಂದು ಹೇಳಿ ಕಳುಹಿಸಿದೆವು. ಮರುವರ್ಷವೂ ಕೇಳಿದಳು, ನಾವು ಮತ್ತೆ ಅದನ್ನೇ ಹೇಳಿದೆವು. ಮೂರನೆಯ ವರ್ಷ ಅವಳು ಕೇಳಲಿಲ್ಲ. ಗಿಡದ ಮೇಲಿನ ಕನಿಕರವೆಂದು ಆಗ ನಾವು ನಮಗೇ ಹೇಳಿಕೊಂಡದ್ದುಂಟು. ನಿಜಸ್ಥಿತಿಯೇನೆಂದರೆ, ಊರಿನಲ್ಲಿ ಆ ಹೂವು ನಮ್ಮೊಬ್ಬರ ಮನೆಯಲ್ಲಿ ಮಾತ್ರ ಇರಬೇಕೆಂಬ ಬಯಕೆ. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂಬ ಅರ್ಥದ ಶ್ಲೋಕವನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾವು ಒಂದು ಗೇಣು ಕಡ್ಡಿಗೆ ಕೈ ಹಿಂದೆಗೆದೆವು.

ಆ ವರ್ಷದ ಮೇ ತಿಂಗಳಿನಲ್ಲಿ ಪನ್ನೀರು ಗಿಡ ಒಣಗಿತು. ಮೊದಲು ತುದಿಗಳು ಕಪ್ಪಾದವು. ದಿನಕ್ಕೊಂದು ಗೆಣ್ಣು ಕೆಳಕ್ಕೆ ಇಳಿಯುತ್ತ ಬಂದು ಬುಡವನ್ನು ಮುಟ್ಟಿತು. ಉಗುರಿನಿಂದ ತೊಗಟೆಯನ್ನು ಕೆರೆದು ನೋಡಿದರೆ ಒಳಗೆ ಹಸುರಿಲ್ಲ. ಅದೇ ವಾರ ಗೌಡರ ತೋಟದಲ್ಲಿ ನಲವತ್ತು ವರ್ಷದ ತೆಂಗಿನ ಮರಗಳು ತಲೆ ಕಳಚಿ ಬರಿಯ ಕಂಬಗಳಾಗಿ ನಿಂತಿದ್ದುವು. ಅವರಿಗೆ ಅದು ಅನ್ನ; ನಮಗೆ ಇದು ಹೂವು. ಹೂವಿನ ಮಾತನ್ನು ಅವರ ಮುಂದೆ ಎತ್ತಲು ನಮಗೆ ನಾಚಿಕೆಯಾಯಿತು. ಅವರಾದರೋ, ಒಂದು ಸಂಜೆ ಬೇಲಿಯ ಬಳಿ ನಿಂತು ಎಂದಿನಂತೆ “ಪನ್ನೀರು ಹೆಂಗೈತೆ ಮೇಷ್ಟ್ರೇ?” ಎಂದು ಕೇಳಿದರು. ಹೋಯಿತು ಗೌಡರೇ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು “ನಮ್ಮವೂ ಹೋದವು” ಎಂದರು. ಅಲ್ಲಿಯವರೆಗೆ ಅವರು ತೋಟದ ವಿಷಯವನ್ನು ಯಾರ ಸಂಗಡವೂ ಆಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದು ಕತ್ತಲಾಗುವವರೆಗೆ ಜಗಲಿಯ ಮೇಲೆ ಕುಳಿತು ಸಾಲದ ಲೆಕ್ಕವನ್ನೆಲ್ಲ ಹೇಳಿದರು. ರಾಯರು ಮರುದಿನವೇ ಅವರನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿ ಅರ್ಜಿಗಳನ್ನು ಬರೆದುಕೊಟ್ಟು ಬಂದರು.

ವರ್ಷಋತುವಿನ ವಿಚಾರದಲ್ಲಿ ಕವಿಗಳಿಗೂ ಬಬ್ಬೂರಿಗೂ ಹೊಂದಿಕೆಯಿಲ್ಲ. ಕವಿಗಳಿಗೆ ಆಷಾಢವೆಂದರೆ ಮೇಘ. ನಮಗೆ ಆಷಾಢವೆಂದರೆ ಗಾಳಿ. ಪಶ್ಚಿಮದಿಂದ ಹಗಲಿರುಳೂ ಬೀಸುವ ಆ ಗಾಳಿಗೆ ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವರು. ಮೋಡಗಳು ತಲೆಯ ಮೇಲೆ ಹಾದುಹೋಗುವುವು, ಇಳಿಯುವುದಿಲ್ಲ. ಗುಲಾಬಿಯ ಎಳೆಯ ಚಿಗುರು ಒಂದಕ್ಕೊಂದು ತಿಕ್ಕಿ ಮುಳ್ಳಿನಿಂದ ಹರಿಯುವುದು. ಆದಕಾರಣ ಉದ್ದವಾದ ಕೊಂಬೆಗಳನ್ನು ಕೋಲು ನಿಲ್ಲಿಸಿ ಬಾಳೆಯ ನಾರಿನಿಂದ ಕಟ್ಟುವುದು ಈ ತಿಂಗಳ ಕೆಲಸ. ಪುಷ್ಯ ಆಶ್ಲೇಷಗಳ ಸೋನೆ ನಾಲ್ಕು ದಿನ ಬಿದ್ದರೆ ಸಾಕು, ಕಡ್ಡಿ ನೆಡುವ ಕಾಲ ಬಂದಿತು.

ಕಡ್ಡಿ ನೆಡುವ ಕ್ರಮವನ್ನು ಹೊಸಬರಿಗಾಗಿ ಹೇಳುವೆವು. ಹೂ ಬಿಟ್ಟು ಮುಗಿದ, ಸೀಸದ ಕಡ್ಡಿಯಷ್ಟು ದಪ್ಪದ ಕೊಂಬೆಯನ್ನು ಒಂದು ಗೇಣು ಉದ್ದಕ್ಕೆ, ಕೆಳಗಡೆ ಗೆಣ್ಣಿನ ಮಗ್ಗುಲಿಗೇ ಕತ್ತರಿಸಬೇಕು. ಮೇಲಿನ ಎರಡು ಎಲೆಗಳನ್ನುಳಿದು ಮಿಕ್ಕವನ್ನು ತೆಗೆದು, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಇರುವಂತೆ ಸ್ವಲ್ಪ ಓರೆಯಾಗಿ ನೆಟ್ಟು ನೆರಳಿನಲ್ಲಿಡಬೇಕು. ಕಡಿದ ತುದಿಗೆ ಸಗಣಿ ಮೆತ್ತುವುದು ನಮ್ಮ ಹಳ್ಳಿಗಳ ವಾಡಿಕೆ. ಕೊಂಬೆ ನೆಟ್ಟು ಬೆಳೆಸತಕ್ಕ ಗಿಡಗಳಿಗೆ ಸಗಣಿ ಬಳಿಯುವ ಕ್ರಮವನ್ನು ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಹೇಳಿರುವನು. ಕನ್ನಡದಲ್ಲಿಯೂ ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವುಂಟು. ಪನ್ನೀರು, ಎಡ್ವರ್ಡ್ ಇವು ಕಡ್ಡಿಯಿಂದ ಸುಲಭವಾಗಿ ಬೇರು ಬಿಡುವುವು. ದೊಡ್ಡ ಹೂವಿನ ಹೊಸ ಜಾತಿಗಳಿಗೆ ಕಣ್ಣುಕಸಿಯೇ ಮೇಲು.

2017ರ ಆ ಶ್ರಾವಣದಲ್ಲಿ ಎಲ್ಲರೂ ಕಡ್ಡಿಗಳನ್ನು ಹಂಚಿಕೊಳ್ಳುತ್ತಿದ್ದಾಗ ನಾವು ಬರಿಗೈಯಲ್ಲಿದ್ದೆವು. ಒಂದು ಮಧ್ಯಾಹ್ನ ಬೀದಿಯ ಕೊನೆಯಲ್ಲಿ ನಡೆಯುತ್ತಿರುವಾಗ ಪರಿಚಿತವಾದ ವಾಸನೆ ಬಂದಿತು. ನಿಂತು ನೋಡಿದೆವು. ಅಜ್ಜಿಯ ಬಚ್ಚಲ ಗೋಡೆಯ ಮಗ್ಗುಲಲ್ಲಿ ಸೊಂಟದೆತ್ತರದ ಪನ್ನೀರು ಗಿಡ, ಅದರಲ್ಲಿ ಎರಡು ಹೂವು. ಒಳಗೆ ಹೋಗಲೋ ಬೇಡವೋ ಎಂದು ನಾವು ತಡೆದು ನಿಂತಿರುವಾಗಲೇ ಅಜ್ಜಿ ಹೊರಗೆ ಬಂದಳು. ಕಡ್ಡಿ ಬೇಕಾಗಿತ್ತು ಎಂದು ಹೇಳುವಷ್ಟರಲ್ಲಿ ನಮ್ಮ ಬಾಯಿ ಒಣಗಿತು. ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುವೆವು.

“ಅದು ನಿಮ್ಮನೇದೇ ಗಿಡ ಮೇಷ್ಟ್ರೇ, ಕೇಳೋದೇನು ಬಂತು? ಆರು ವರ್ಸ ಆತು. ಅಮ್ಮಾರು ಸೆರಗಿನಾಗೆ ಮುಚ್ಕಂಡು ತಂದುಕೊಟ್ರು. ಮೇಷ್ಟ್ರಿಗೆ ಹೇಳಬ್ಯಾಡ ಅಂದಿದ್ರು, ಅದಕ್ಕೇ ಹೇಳಿರ್ಲಿಲ್ಲ.”

ನಾವು ಏನನ್ನೂ ಹೇಳಲಾರದೆ ನಿಂತೆವು. ಅವಳು ಕುಡುಗೋಲು ತಂದು ಒಂದಲ್ಲ, ನಾಲ್ಕು ಕಡ್ಡಿಗಳನ್ನು ಕೊಯ್ದು, ಒದ್ದೆಯ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟಳು. ಇಂಥ ಬರದಲ್ಲಿ ಗಿಡ ಹೇಗೆ ಉಳಿಯಿತೆಂದು ಕೇಳಿದೆವು. ಅಕ್ಕಿ ತೊಳೆದ ನೀರು, ಹೂವು ನೆನೆಯಿಟ್ಟ ನೀರು, ಪಾತ್ರೆ ತೊಳೆದ ನೀರು ಇವೇ ಅದರ ಪಾಲೆಂದಳು. ಅವಳು ಪಾತ್ರೆ ಬೆಳಗುತ್ತಿದ್ದುದು ಬೂದಿಯಿಂದ ಸ್ವಲ್ಪವೂ ಹುಣಿಸೆಯಿಂದ ಹೆಚ್ಚಾಗಿಯೂ. ಸಾಬೂನಿನ ಪುಡಿ ಆ ಬಚ್ಚಲನ್ನು ಕಂಡಿರಲಿಲ್ಲ. ಮನೆಗೆ ಬಂದು ಕಡ್ಡಿಗಳನ್ನು ಗೃಹಿಣಿಯ ಮುಂದಿಟ್ಟೆವು. ಅವರು ಒಲೆಯ ಕಡೆಗೆ ತಿರುಗಿಕೊಂಡೇ, “ನೀವು ಕೇಳಿದ್ದರೆ ಹೇಳುತ್ತಿದ್ದೆ” ಎಂದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಆ ದಿನ ನಾವು ಸೋತಷ್ಟು ಎಂದೂ ಸೋತಿರಲಿಲ್ಲ. ಸೋಲಿನಿಂದ ಅಷ್ಟು ಸಂತೋಷವೂ ಎಂದೂ ಆಗಿರಲಿಲ್ಲ.

ಶರದೃತುವೇ ನಮ್ಮ ನಿಜವಾದ ವರ್ಷಋತು. ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ ಈ ಮಳೆಗಳನ್ನು ನಂಬಿಯೇ ಈ ಕಡೆಯ ಬೆಳೆ. ಎರೆಯ ಬಿರುಕುಗಳು ಮುಚ್ಚುವುವು. ನಾಲ್ಕು ಕಡ್ಡಿಗಳಲ್ಲಿ ಮೂರು ಆ ವರ್ಷದ ಹಸ್ತೆಯ ಮಳೆಯಲ್ಲಿ ಕೆಂಪು ಚಿಗುರು ಒಡೆದವು. ಈ ಋತುವಿನಲ್ಲಿ ಎಲೆಗಳ ಮೇಲೆ ಕಪ್ಪುಚುಕ್ಕೆಯ ರೋಗ ಕಾಣುವುದು. ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಮಳೆ ಹಿಂದೆಗೆದ ಮೇಲೆ, ದೀಪಾವಳಿಗೆ ಮುಂಚೆ, ಗಿಡಗಳನ್ನು ಸವರಬೇಕು. ಒಣಗಿದ ಮತ್ತು ಒಳಮುಖವಾದ ಕೊಂಬೆಗಳನ್ನು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಆರೇಳು ವಾರಗಳಲ್ಲಿ ಹೂವು ಬರುವುದು. ಕಸಿಯ ಗಂಟಿನ ಕೆಳಗಿನಿಂದ ಏಳುವ ಚಿಗುರು ಕಾಡುಚಿಗುರು. ಅದನ್ನು ಬುಡಸಹಿತ ಕೀಳಬೇಕು. ಏಳು ಎಲೆಯದು ಕಾಡು, ಐದು ಎಲೆಯದು ನಾಡು ಎಂಬ ಗಾದೆಯಂತಹ ಮಾತನ್ನು ನಂಬಿ ರಾಯರು ಒಮ್ಮೆ ಒಳ್ಳೆಯ ಕೊಂಬೆಯನ್ನೇ ಕಿತ್ತುಹಾಕಿದರು. ಎಲೆಯ ಲೆಕ್ಕ ಮೋಸ ಮಾಡುವುದುಂಟು, ಗಂಟಿನ ಸ್ಥಾನ ಮೋಸ ಮಾಡದು.

ಶರದೃತುವಿನ ಮಾತು ಬಂದಾಗ 2022ನೆಯ ವರ್ಷವನ್ನು ನೆನೆಯದಿರುವುದು ಹೇಗೆ? 1933ರಲ್ಲಿ ಕೋಡಿ ಹರಿದಿದ್ದ ವಾಣೀವಿಲಾಸ ಸಾಗರವು ಆ ವರ್ಷದ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ, 130 ಅಡಿ ತುಂಬಿ ಮತ್ತೆ ಕೋಡಿ ಹರಿಯಿತು. ಭದ್ರೆಯ ನೀರನ್ನು ಈ ಕಡೆಗೆ ತಿರುಗಿಸಿದುದರ ಫಲವೂ ಅದರಲ್ಲಿ ಸೇರಿತ್ತು. ಮುದುಕರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಕಣಿವೆಗೆ ಹೋಗಿ ನೋಡಿಬಂದರು. ಗೌಡರು ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ಅಂದು ಐದನೆಯ ವರ್ಷ.

ಹೇಮಂತವು ಗುಲಾಬಿಗೆ ರಾಜಋತು. ಇಬ್ಬನಿಯ ಬೆಳಗು, ಎಳೆಬಿಸಿಲು, ಹೂವಿನ ಬಣ್ಣ ಆಳವಾಗುವುದು. ಧನುರ್ಮಾಸದಲ್ಲಿ ಬೆಳಗಿನ ಜಾವದ ಪೂಜೆಗೆ ಹೂವು ಕೊಯ್ಯಲು ಹೊರಟವರು ಬೀದಿಯಲ್ಲಿ ಪರಸ್ಪರ ಲಾಟೀನು ಹಿಡಿದು ಮಾತನಾಡುತ್ತಿದ್ದ ಕಾಲವೊಂದಿತ್ತು. ಈಗ ಕೈಯಲ್ಲಿರುವುದು ಮೊಬೈಲಿನ ದೀಪ, ಮಾತು ಮಾತ್ರ ಹಳೆಯದೇ. ರಾತ್ರಿಯ ಚಳಿ, ಹಗಲಿನ ಒಣ ಹವೆ ಸೇರಿದಾಗ ಚಿಗುರಿನ ಮೇಲೆ ಬೂದಿರೋಗ ಬರುವುದು; ಗಿಡಗಳ ನಡುವೆ ಗಾಳಿಯಾಡುವಂತೆ ಬಿಡುವುದು ಅದಕ್ಕೆ ಮೊದಲ ಔಷಧ. ಬೇವಿನ ಹಿಂಡಿಯನ್ನು ಗಿಡಕ್ಕೊಂದು ಹಿಡಿ ಕೊಡಬಹುದು. ಸುರಪಾಲನು ತನ್ನ ವೃಕ್ಷಾಯುರ್ವೇದದಲ್ಲಿ ಕುಣಪಜಲವೆಂಬ ಗೊಬ್ಬರವನ್ನು ಬಹಳ ಹೊಗಳಿರುವನು. ಮಾಂಸವನ್ನು ಕೊಳೆಯಿಸಿ ಮಾಡುವ ಅದನ್ನು ಬೀದಿಯ ನಡುವಿನ ಮನೆಯಲ್ಲಿ ತಯಾರಿಸಿದರೆ ನೆರೆಹೊರೆಯವರು ಉಳಿಯಲಾರರಾದುದರಿಂದ, ಸಗಣಿಯ ಬಗ್ಗಡದಿಂದಲೇ ತೃಪ್ತರಾಗತಕ್ಕದ್ದು. 2018ರ ಹೇಮಂತದಲ್ಲಿ ನಮ್ಮ ಹೊಸ ಪನ್ನೀರು ಗಿಡದಲ್ಲಿ ಬಿಟ್ಟ ಮೊದಲನೆಯ ಹೂವನ್ನು ದೇವರಿಗೆ ಏರಿಸಿ, ಎರಡನೆಯದನ್ನು ಅಜ್ಜಿಗೆ ಕೊಟ್ಟೆವು. ಅವಳು ಮುಡಿಯಲಿಲ್ಲ, ಕಟ್ಟುತ್ತಿದ್ದ ಸೇವಂತಿಗೆಯ ದಂಡೆಯ ನಡುವೆ ಸೇರಿಸಿ ತೇರುಮಲ್ಲೇಶ್ವರನ ಗುಡಿಗೆ ಕಳುಹಿಸಿದಳು.

ಶಿಶಿರದಲ್ಲಿ ಕಣ್ಣುಕಸಿ. ಟೀಚರಮ್ಮನಿಗೆ ಈ ವಿದ್ಯೆ ಚೆನ್ನಾಗಿ ಕೈಹತ್ತಿರುವುದು. ಬೇರುಗಿಡದ ತೊಗಟೆಯನ್ನು ಟಿ ಆಕಾರಕ್ಕೆ ಸೀಳಿ, ಒಳ್ಳೆಯ ಜಾತಿಯ ಕಣ್ಣನ್ನು ಗುರಾಣಿಯಾಕಾರಕ್ಕೆ ಕೊರೆದು ಒಳಗೆ ಕೂರಿಸಿ ಕಟ್ಟುವ ಕೆಲಸ, ದರ್ಜಿ ಸಾಹೇಬರ ಗುಂಡಿ ಹೊಲಿಯುವ ಕೆಲಸದಷ್ಟೇ ನಾಜೂಕಿನದು. ಜನವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಪುಷ್ಪಪ್ರದರ್ಶನಕ್ಕೆ ಯಾರಾದರೊಬ್ಬರು ಹೋಗಿ ಬಂದು ಹೊಸ ಜಾತಿಗಳ ಹೆಸರುಗಳನ್ನು ಹೇಳುವರು. ಹಾಗೆ ಬಂದುದೇ ರಾಯರ ಮನೆಯ ಪೀಸ್ ಎಂಬ ಹಳದಿಯ ಗುಲಾಬಿ. ಅದನ್ನು ಬೆಳೆಸಿದವರು ಫ್ರಾನ್ಸಿನ ಮೆಯಾಂ ಮನೆತನದವರು. ಎರಡನೆಯ ಮಹಾಯುದ್ಧವು ಅವರ ದೇಶವನ್ನು ಮುತ್ತುವುದಕ್ಕೆ ಮುನ್ನವೇ ಅದರ ಕಣ್ಣುಕಡ್ಡಿಗಳನ್ನು ಹೊರದೇಶದ ಮಿತ್ರರಿಗೆ ಕಳುಹಿಸಿದ್ದರು. ಯುದ್ಧದ ವರ್ಷಗಳಲ್ಲಿ ಪತ್ರವ್ಯವಹಾರ ನಿಂತುಹೋಗಿ ಇಲ್ಲಿಯವರ ಸುದ್ದಿ ಅಲ್ಲಿಯವರಿಗಿಲ್ಲದಿದ್ದಾಗಲೂ, ಅಮೆರಿಕದಲ್ಲಿ ಆ ಕಣ್ಣುಗಳು ಗಿಡಗಳಾಗಿ, 1945ರಲ್ಲಿ ಶಾಂತಿಯೆಂಬ ಅರ್ಥದ ಆ ಹೆಸರನ್ನು ಪಡೆದವು. ಈ ಕಥೆಯನ್ನು ರಾಯರು ಹೇಳಿದಾಗ ನಮ್ಮ ಗೃಹಿಣಿ, ಆ ಮನೆಯ ಯಜಮಾನರು ಕೊಡುವ ಕೈಯವರೆಂದು ಮಾತ್ರ ಹೇಳಿ, ನಮ್ಮ ಮುಖವನ್ನು ನೋಡದೆ ಕಾಫಿಯ ಲೋಟವನ್ನು ಕೆಳಗಿಟ್ಟರು.

ಮೂರು ವರ್ಷಗಳ ಹಿಂದೆ ಇಂಥದೇ ಶಿಶಿರದಲ್ಲಿ ಅಜ್ಜಿ ತೀರಿಕೊಂಡಳು. ಹಿಂದಿನ ದಿನ ಸಂಜೆಯೂ ಹೂವು ಕಟ್ಟಿದ್ದಳು. ಮಗ ದೂರದ ಊರಿನಲ್ಲಿ ಕೆಲಸದಲ್ಲಿರುವುದರಿಂದ ಮನೆಗೆ ಬೀಗ ಬಿದ್ದಿತು; ಬಚ್ಚಲ ನೀರಿಲ್ಲದೆ ಬೇಸಗೆಯ ಹೊತ್ತಿಗೆ ಅಲ್ಲಿಯ ಗಿಡವೂ ಒಣಗಿತು. ಆದರೆ ಅಷ್ಟು ಹೊತ್ತಿಗೆ ಆ ಗಿಡದ ಕಡ್ಡಿಗಳು ನಮ್ಮಲ್ಲಿಯೂ, ಗೌಡರ ತೋಟದ ಬಾವಿಯ ಬಳಿಯೂ, ಸಾಹೇಬರ ಜಗಲಿಯ ಕುಂಡದಲ್ಲಿಯೂ, ಅಂಗನವಾಡಿಯ ಅಂಗಳದಲ್ಲಿಯೂ ನಾಲ್ಕಾರು ಹೂವು ಬಿಡುತ್ತಿದ್ದವು. ನಮ್ಮ ತಾಯಿಯವರ ತವರಿನ ಗಿಡವೆಂದು ನಾವು ಹೇಳಿಕೊಳ್ಳುತ್ತಿದ್ದುದನ್ನು ಈಗ ಬೀದಿಯಲ್ಲಿ ಎಲ್ಲರೂ ಅಜ್ಜಿಯ ಗುಲಾಬಿಯೆನ್ನುವರು. ನಾವು ತಿದ್ದುವುದಿಲ್ಲ.

ವಸಂತದಲ್ಲಿ ಹೊಂಗೆ ಚಿಗುರಿ ಹೂವಾಗುವುದು, ಗುಲಾಬಿಯ ಹೂವು ಚಿಕ್ಕದಾಗುವುದು. ಬಿಸಿಲಿಗೆ ಮೊಗ್ಗು ತಡೆಯದು, ಅರಳಿದ್ದು ನಿಲ್ಲದು. ಈ ಕಾಲದಲ್ಲಿ ಪನ್ನೀರು ಗುಲಾಬಿಯ ಎಸಳುಗಳಿಂದ ಗುಲ್ಕಂದ ಮಾಡಿಡುವುದು ಸಾಹೇಬರ ಮನೆಯ ಪದ್ಧತಿ. ಅವರ ಹೆಂಡತಿಯವರಿಂದ ನಮ್ಮ ಮನೆಯವರು ಕಲಿತದ್ದನ್ನು ಬರೆಯುವೆವು. ಔಷಧಿ ಹೊಡೆಯದ ಗಿಡದ ಎಸಳುಗಳನ್ನು ತೊಳೆದು ನೆರಳಿನಲ್ಲಿ ನೀರಾರಿಸಬೇಕು. ಗಾಜಿನ ಜಾಡಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ ಹೀಗೆ ತೂಕಕ್ಕೆ ಸಮವಾಗಿ ತುಂಬಿ, ಬಾಯಿ ಕಟ್ಟಿ, ಮೂರು ವಾರ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣಗಿದ ಚಮಚದಿಂದ ತಿರುವಬೇಕು. ಒದ್ದೆಯ ಚಮಚ ತಗುಲಿದರೆ ಬೂಷ್ಟು ಹಿಡಿಯುವುದು. ಯುಗಾದಿಯ ಹೋಳಿಗೆ ನಮ್ಮ ಮನೆಯಿಂದ ಅಲ್ಲಿಗೆ, ರಂಜಾನಿನ ಶೀರ್‌ಖುರ್ಮಾ ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿಯೇ ಗುಲ್ಕಂದದ ಜಾಡಿಗಳೂ ಹೋಗಿ ಬರುವುವು.

ಈಗ ಪ್ರಶ್ನೆ ಕೇಳಿದ ಮಹಾಶಯರಿಗೆ ಉತ್ತರ. ಗುಲಾಬಿಯಿಂದ ನಮ್ಮಲ್ಲಿ ಯಾರಿಗೂ ಹಣ ಬಂದಿಲ್ಲ. ಬರಗಾಲದಲ್ಲಿ ಅದು ನಮ್ಮ ನೀರನ್ನು ಕೇಳಿತು, ನಾವು ಕೊಡಲಿಲ್ಲ. ಕೊಡದಿದ್ದುದು ತಪ್ಪೆಂದು ಇಂದಿಗೂ ಹೇಳುವುದಿಲ್ಲ. ಆದರೆ ಆ ವರ್ಷ ಬೀದಿಯಲ್ಲಿ ಒಬ್ಬರು ಮತ್ತೊಬ್ಬರನ್ನು ಸಾಲವೆಷ್ಟು, ಮನೆಯಲ್ಲಿ ನೀರೆಷ್ಟು ಎಂದು ಕೇಳುವ ಧೈರ್ಯವಿರಲಿಲ್ಲ. ಗಿಡ ಹೇಗಿದೆ ಎಂದು ಕೇಳಬಹುದಾಗಿತ್ತು. ಗೌಡರು ಅದನ್ನು ಕೇಳಿದುದರಿಂದಲೇ ನಮ್ಮ ಜಗಲಿಯ ಮೇಲೆ ಕುಳಿತು ತಮ್ಮ ಕಷ್ಟವನ್ನು ಹೇಳಿಕೊಂಡರು. ನಾವು ಮುಷ್ಟಿ ಬಿಗಿದು ಇಟ್ಟುಕೊಂಡ ಗಿಡ ಸತ್ತಿತು, ಗೃಹಿಣಿ ಸೆರಗಿನಲ್ಲಿ ಒಯ್ದು ಕೊಟ್ಟದ್ದು ಬದುಕಿತು. ಸಂಸಾರಿಯಾದವನಿಗೆ ಇವೆರಡಕ್ಕಿಂತ ಹೆಚ್ಚಿನ ಪ್ರಯೋಜನ ಬೇಕಿದ್ದರೆ ಅದನ್ನು ಬೇರೆ ಅಂಕಣದಲ್ಲಿ ಹುಡುಕತಕ್ಕದ್ದು.

ಆ ಮಹಾಶಯರ ಕಾಗದದ ಕೊನೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಪನ್ನೀರು ಗುಲಾಬಿಯ ಕಡ್ಡಿ ಎಲ್ಲಿಯಾದರೂ ಸಿಕ್ಕುವುದೇ ಎಂದೂ ಬರೆದಿರುವುದನ್ನು ನಾವು ಗಮನಿಸಿದ್ದೇವೆ. ಶ್ರಾವಣದ ಸೋನೆ ಹಿಡಿದ ಕೂಡಲೆ ನಾಲ್ಕು ಕಡ್ಡಿಗಳನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕುವೆವು. ಕಟ್ಟುವ ಕೆಲಸವನ್ನು ರಾಯರು ಒಪ್ಪಿಕೊಂಡಿರುವರು. ಕಡ್ಡಿ ಕೊಯ್ಯುವ ಕೆಲಸ ನಮ್ಮ ಗೃಹಿಣಿಯದು. ಅವರು ಒಂದೇ ಒಂದು ನಿಬಂಧನೆ ಹಾಕಿರುವರು: ಗಿಡ ಬೆಳೆದ ಮೇಲೆ ನೆರೆಮನೆಯವರು ಕೇಳಿದರೆ, ಬರುವ ವರ್ಷ ನೋಡೋಣವೆಂದು ಹೇಳಕೂಡದು.

ಇತಿ ಶಮ್.